ಜಗ್ಗಣ್ಣನನ್ನು ನಾನು ನಿವೃತ್ತಿಗೊಳಿಸಿದ ಚಳಿಗಾಲ

ಹೋದ ತಿಂಗಳು ಇಲ್ಲಿ, ಈ ಕೊಲ್ಲಿ ನಗರದ ಬ್ನೇದ್ ಅಲ್ ಗಾರ್ ಬಡಾವಣೆಯಲ್ಲಿ, ಸಹೋದ್ಯೋಗಿಯೊಬ್ಬರ ಮನೆಗೆ ಮಗುವಿನ ನಾಮಕರಣದ ಊಟಕ್ಕೆ ಹೋಗಿದ್ದೆವು. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಆದರೆ ಸ್ವಲ್ಪ ಮುಂಚೆ ಇಳಿದು ಹೋದವರು ಯಾರೋ ಹಚ್ಚಿಕೊಂಡಿದ್ದ ನೋವಿನ ಎಣ್ಣೆಯ ವಾಸನೆ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಪುದೀನ, ಕರ್ಪೂರ, ಅದರಡಿಯಲ್ಲಿ ಬೆವರು. ಹೆಂಡತಿ ಒಳಗೆ ಹೋಗಿ, "ಎಂತ ಅಲ್ಲೇ ನಿಂತದ್ದು, ಬನ್ನಿ" ಎಂದಳು. "ನೀನು ಹೋಗು, ನಾನು ನಡೆದು ಬರ್ತೇನೆ" ಎಂದು ಐದು ಮಹಡಿ ಹತ್ತಿದೆ. ಆ ವಾಸನೆ ನನ್ನ ಮಟ್ಟಿಗೆ ಒಬ್ಬರದೇ. ಜಗ್ಗಣ್ಣನ ಬಲ ಮೊಣಕಾಲಿನದು.

ಆ ಚಳಿಗಾಲದ ವಿಷಯವನ್ನು ನಾನು ಇದುವರೆಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಹೆಂಡತಿಗೆ ಗೊತ್ತಿರುವುದು ಅರ್ಧ. ಉಳಿದ ಅರ್ಧ ನನ್ನ ಬಗ್ಗೆ.

ಆಗ ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನಗಳ ಬಿಡಿಭಾಗ ಮಾರುವ ಒಂದು ಕಂಪನಿಯ ಆಫೀಸಿನಲ್ಲಿದ್ದೆ. ಮ್ಯಾನೇಜರು ಲ್ಯಾನ್ಸಿ ಸರ್, ಮಂಗಳೂರಿನ ಕೊಂಕಣಿಯವರು. ಅವರಿಗೆ ಬದುಕಿನಲ್ಲಿ ಎರಡೇ ಪ್ರೀತಿ: ಭಾನುವಾರದ ಬಂಗುಡೆ ಸಾರು ಮತ್ತು ಕಂಪನಿಯ ಅಂಡರ್‌ಆರ್ಮ್ ಕ್ರಿಕೆಟ್ ತಂಡ. ಟೆನಿಸ್ ಚೆಂಡನ್ನು ಕೈ ಭುಜಕ್ಕಿಂತ ಮೇಲೆತ್ತದೆ ಕೆಳಗಿನಿಂದಲೇ ಬೀಸಿ ಎಸೆಯುವ ಆ ಆಟ ನಮ್ಮ ಕರಾವಳಿಯ ಗದ್ದೆಗಳಿಂದ ವಿಮಾನ ಹತ್ತಿ ಬಂದು, ಸುಲೈಬಿಯಾದ ಗೋದಾಮುಗಳ ಹಿಂದಿನ ಬಯಲಿನಲ್ಲಿ ಇಳಿದಿತ್ತು. ನವೆಂಬರಿನಿಂದ ಮಾರ್ಚಿನವರೆಗೆ, ಬಿಸಿಲು ಮನುಷ್ಯರನ್ನು ಸಹಿಸಿಕೊಳ್ಳುವ ತಿಂಗಳುಗಳಲ್ಲಿ, ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿ ಸುಣ್ಣದ ಗೆರೆ ಬೀಳುತ್ತಿತ್ತು. ಮಂಜು ಇಳಿದಿದ್ದರೆ ಬೌಂಡರಿಯಲ್ಲಿ ನಿಂತವನು ಕಾಣುತ್ತಿರಲಿಲ್ಲ, ಅವನ ಕೆಮ್ಮು ಮಾತ್ರ ಕೇಳುತ್ತಿತ್ತು.

ಜಗ್ಗಣ್ಣ ಕಾಪು ಕಡೆಯವರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಊರಿನಲ್ಲಿ ಹದಿನೈದು ವರ್ಷ ಅವರ ಉದ್ಯೋಗವೇ ಆಟ. ಈ ವಾರ ಈ ತಂಡ, ಮುಂದಿನ ವಾರ ಇನ್ನೊಂದು, ಕರೆದವರಿಗೆ ಆಡುವುದು, ಅದರಲ್ಲೇ ಮನೆ ನಡೆಸುವುದು. ಅವರ ಆಟ ನೋಡಿ ಲ್ಯಾನ್ಸಿ ಸರ್ ವೀಸಾ ಕಳಿಸಿ ಕರೆಸಿಕೊಂಡರು. ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, 'ಸ್ಟೋರ್ ಹೆಲ್ಪರ್' ಎಂದಿತ್ತು. ಆದರೆ ಅವರು ಬಂದದ್ದು ಶುಕ್ರವಾರಕ್ಕಾಗಿ ಎಂದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಲ ಮೊಣಕಾಲನ್ನು ನೆಲಕ್ಕೆ ಊರಿ, ಪಾದದ ಹತ್ತಿರ ತೆವಳಿ ಬರುವ ಚೆಂಡನ್ನು ಎಡಗಡೆಗೆ ಎತ್ತಿ ಹೊಡೆಯುವುದು ಅವರ ಹೊಡೆತ. ಬೇರೆಯವರು ಹಾಗೆ ಹೊಡೆದರೆ ಚೆಂಡು ಗಾಳಿಯಲ್ಲಿ ಹೋಗಿ ಯಾರದ್ದಾದರೂ ಕೈಗೆ ಬೀಳುತ್ತಿತ್ತು. ಇವರದ್ದು ಗೋದಾಮಿನ ತಗಡಿನ ಗೋಡೆಗೆ ಬಡಿದು ಸದ್ದು ಮಾಡುತ್ತಿತ್ತು.

ಇನ್ನು ನಾನು. ನನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಬೀಜ ಒಡೆದವಳು. ಅವಳ ಬೆರಳ ತುದಿಗಳ ಕಪ್ಪು ಕೊನೆಯವರೆಗೂ ಹೋಗಲಿಲ್ಲ. ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ, ಸಂಜೆ ಕಾಲೇಜಿಗೆ ಓಡಿ, ಎರಡು ಸಲ ಫೇಲಾಗಿ ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಕೈಯಲ್ಲಿ ಹಿಡಿದ ಮೊದಲಿಗ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಅದಕ್ಕೆ ನಾಚಿಕೆಪಡುವುದಿಲ್ಲ. ನಾಚಿಕೆಯಾಗುವುದು ಆ ಹೆಮ್ಮೆ ಇಟ್ಟುಕೊಂಡು ನಾನು ಮಾಡಿದ್ದಕ್ಕೆ.

ಜಗ್ಗಣ್ಣ ಬಂದ ಹೊಸದರಲ್ಲಿ ನನ್ನನ್ನು "ಸತೀಶ" ಎಂದು ಕರೆಯುತ್ತಿದ್ದರು. ನನಗಿಂತ ಎಂಟು ವರ್ಷ ದೊಡ್ಡವರು, ಕರೆದರೆ ತಪ್ಪೇನೂ ಇರಲಿಲ್ಲ. ಮೊದಲ ತಿಂಗಳೇ ನಾನು, "ಜಗ್ಗಣ್ಣ, ಹೊರಗೆ ಹೇಗೂ ಕರೆಯಿರಿ, ಆಫೀಸಿನಲ್ಲಿ ಸರ್ ಅಂತ ಹೇಳಿ. ಒಂದು ಶಿಸ್ತು ಬೇಕಲ್ಲ" ಎಂದೆ. ಅವರು ನಕ್ಕು ತಲೆಯಾಡಿಸಿದರು. ಆ ಮೇಲೆ ಮೈದಾನದಲ್ಲೂ ಸರ್ ಎಂದೇ ಕರೆದರು. ನಾನು ತಿದ್ದಲಿಲ್ಲ.

ಹೊಟ್ಟೆಕಿಚ್ಚು ಎಂಬ ಮಾತನ್ನು ಬರೆದುಬಿಡುವುದೇ ಒಳ್ಳೆಯದು. ಸಂಘದ ಊಟಕ್ಕೆ ಹೋದರೆ ಜನ ಜಗ್ಗಣ್ಣನ ಸುತ್ತ ಕುರ್ಚಿ ಎಳೆದುಕೊಳ್ಳುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ಅರ್ಜಿ ತುಂಬಲಿಕ್ಕೆ ಮತ್ತು ಸನ್ಮಾನ ಪತ್ರ ಬರೆಯಲಿಕ್ಕೆ. ನಮ್ಮ ಜನ ಎಲ್ಲಿ ಸೇರಿದರೂ ಯಾರಿಗಾದರೂ ಸನ್ಮಾನ ಆಗಲೇಬೇಕು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಚೌಕಟ್ಟು ಹಾಕಿದ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಕೈಗೆ ಕೊಡುವುದು. ಆ ಪತ್ರಗಳನ್ನು ಬರೆಯುವುದರಲ್ಲಿ ನನಗೆ ಹೆಸರಿತ್ತು. 'ಕ್ರೀಡಾಕಾಶದ ಧ್ರುವತಾರೆ' ಎಂಬಂಥ ಸಾಲುಗಳು ಕೂತಲ್ಲೇ ಬರುತ್ತಿದ್ದವು.

ಆ ವರ್ಷ ಡಿಸೆಂಬರಿನಲ್ಲಿ ಒಂದು ಸಂಜೆ, ಕೆಲಸ ಬಿಡುವ ಹೊತ್ತಿಗೆ, ಜಗ್ಗಣ್ಣ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ನೂರು ಪುಟದ ಹೊಸ ನೋಟುಪುಸ್ತಕ. ನೋವಿನ ಎಣ್ಣೆ ಹಚ್ಚಿದ್ದರು.

"ಸರ್, ಒಂದು ವಿಷಯ ಇತ್ತು. ಕಾಲು ಇನ್ನೊಂದು ಸೀಸನ್ ತಡೀತದೆ. ಅದಕ್ಕಿಂತ ಹೆಚ್ಚು ಇಲ್ಲ, ನನಗೇ ಗೊತ್ತುಂಟು."

"ಮತ್ತೆ?"

"ನಮ್ಮ ಮಲಯಾಳಿ ಸ್ಟೋರ್‌ಕೀಪರ್ ಚೇಟ ಮೇ ತಿಂಗಳಲ್ಲಿ ಖಾಯಂ ಊರಿಗೆ ಹೋಗ್ತಾರಂತೆ. ಮಾಲು ಎಲ್ಲೆಲ್ಲಿ ಉಂಟು ಅಂತ ನನಗೆ ಕಣ್ಣುಮುಚ್ಚಿದ್ರೂ ಗೊತ್ತು. ಆ ಕಂಪ್ಯೂಟರಿಗೆ ಹಾಕುದು ಮಾತ್ರ ಗೊತ್ತಿಲ್ಲ. ನೀವು ಅದೊಂದು ಕಲಿಸಿದ್ರೆ, ಆಟ ಬಿಟ್ಟ ಮೇಲೆಯೂ ಇಲ್ಲಿ ಇರ್ಬಹುದು. ಮಗಳು ಎಂಟನೇ ಕ್ಲಾಸ್ ಈಗ."

ಅವರು ಹೇಳಿದ್ದು ನಿಜ. ಯಾವ ಗಾಡಿಯ ಯಾವ ವರ್ಷದ ಫಿಲ್ಟರ್ ಯಾವ ಕಪಾಟಿನ ಎಷ್ಟನೇ ತಟ್ಟಿನಲ್ಲಿದೆ ಎಂದು ಅವರು ನಡೆಯುತ್ತಲೇ ಹೇಳುತ್ತಿದ್ದರು. ಮಾಲು ಬಂದದ್ದು, ಹೋದದ್ದನ್ನು ಕಂಪ್ಯೂಟರಿನಲ್ಲಿ ಏರಿಸುವ ಕೆಲಸ ಮಾತ್ರ ಚೇಟ ಮತ್ತು ನಮ್ಮ ಆಫೀಸಿನವರ ಕೈಯಲ್ಲಿತ್ತು.

"ಅದು ಅಷ್ಟು ಸುಲಭ ಅಲ್ಲ ಜಗ್ಗಣ್ಣ" ಎಂದೆ. "ಇಂಗ್ಲಿಷ್ ಬೇಕು, ಕಾಮರ್ಸ್ ಓದಿರಬೇಕು. ಆರು ತಿಂಗಳಾದರೂ ಬೇಕು."

"ಆರು ತಿಂಗಳು ಉಂಟಲ್ಲ ಸರ್. ದಿನಾ ಹದಿನೈದು ನಿಮಿಷ ಕೊಡಿ."

"ಸರಿ, ನಾಳೆಯಿಂದ ನೋಡುವ."

ಮರುದಿನ ಅವರು ಬಂದರು. ಕೆಲಸ ಇದೆ ಎಂದೆ. ಅದರ ಮರುದಿನವೂ ಬಂದರು. ವರ್ಷದ ಕೊನೆ, ಲೆಕ್ಕ ಮುಗಿಸಲಿಕ್ಕಿದೆ ಎಂದೆ. ಜನವರಿಯಲ್ಲಿ ಜ್ವರ ಎಂದೆ. ಅವರು ಬಾಗಿಲಿನ ಹತ್ತಿರ ನಿಂತು ನನ್ನ ಮುಖ ನೋಡಿ, "ಇವತ್ತು ಬೇಡ ಅಲ್ವಾ ಸರ್" ಎಂದು ತಾವೇ ಹೇಳಿ ಹೋಗುವಷ್ಟು ಅಭ್ಯಾಸವಾಯಿತು. ಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಐದು ವರ್ಷ ಒದ್ದಾಡಿ ಪಡೆದದ್ದನ್ನು ಇವರು ದಿನಕ್ಕೆ ಹದಿನೈದು ನಿಮಿಷದಲ್ಲಿ ತೆಗೆದುಕೊಂಡು ಹೋಗುತ್ತಾರೆ ಎಂಬ ಭಾವನೆ ನನ್ನೊಳಗೆ ಎಲ್ಲೋ ಕೂತಿತ್ತು.

ಜನವರಿ ಕೊನೆಗೆ ಲ್ಯಾನ್ಸಿ ಸರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"ಸತೀಶ್, ಜಗ್ಗನ ಕಾಲು ಮುಗೀತು. ಉಡುಪಿಯ ಒಬ್ಬನನ್ನು ನೋಡಿ ಇಟ್ಟಿದ್ದೇನೆ, ಎರಡು ಕೈಯಲ್ಲೂ ಬೌಲಿಂಗ್ ಮಾಡ್ತಾನೆ. ಆದರೆ ವೀಸಾ ಒಂದೇ ಉಂಟು. ಇವನಿಗೆ ಹೇಗೆ ಹೇಳುದು? ನನ್ನಿಂದ ಆಗುದಿಲ್ಲ ಮಾರಾಯ. ಅವನ ಹೊಡೆತಕ್ಕೆ ನಾನು ಎಷ್ಟು ಸಲ ಕುರ್ಚಿ ಮೇಲೆ ಹತ್ತಿ ಕುಣಿದಿದ್ದೇನೆ, ನಿಂಗೇ ಗೊತ್ತುಂಟು."

ಆಗ ನಾನು ಹೇಳಬೇಕಾಗಿದ್ದ ಮಾತು ನನ್ನ ಬಾಯಲ್ಲೇ ಇತ್ತು. ಅವರು ಇನ್ನೊಂದೇ ಸೀಸನ್ ಕೇಳುತ್ತಿದ್ದಾರೆ ಸರ್, ಆ ಮೇಲೆ ಸ್ಟೋರ್ ನೋಡಿಕೊಳ್ಳುತ್ತಾರೆ, ಕಲಿಯಲಿಕ್ಕೆ ತಯಾರಿದ್ದಾರೆ. ಅದರ ಬದಲು ನಾನು ಮೊಬೈಲು ತೆಗೆದು ಅವರಿಗೆ ಒಂದು ವಿಡಿಯೋ ತೋರಿಸಿದೆ. ಕೆಲವೇ ದಿನಗಳ ಹಿಂದೆ ನೋಡಿದ್ದು. ಅಮೆರಿಕದ ಬೇಸ್‌ಬಾಲ್ ಆಟಗಾರನೊಬ್ಬ ಆಟ ಬಿಡುತ್ತಿದ್ದಾನೆ. ಇಡೀ ಸ್ಟೇಡಿಯಂ ಎದ್ದು ನಿಂತಿದೆ. ಅವನ ಅಂಗಿಯ ನಂಬರನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಎಂದು ಸಾರುತ್ತಾರೆ. ಅವನು ಟೊಪ್ಪಿ ತೆಗೆದು ಅಳುತ್ತಾನೆ.

"ನಾವೂ ಹೀಗೇ ಮಾಡುವ ಸರ್" ಎಂದೆ. "ಫೈನಲ್ ದಿನ ಸನ್ಮಾನ ಇಟ್ಟುಕೊಳ್ಳುವ. ಏಳು ನಂಬರಿನ ಜರ್ಸಿಗೆ ಗಾಜು ಹಾಕಿಸುವ. ನಿವೃತ್ತಿ ಅಂತ ಪತ್ರದಲ್ಲಿ ಬರೆದು ಓದಿಬಿಡುತ್ತೇನೆ. ಗೌರವದಲ್ಲಿ ಮುಗೀತದೆ."

"ಅವನಿಗೆ ಮೊದಲೇ ಹೇಳುದು ಬೇಡವಾ?"

"ಸರ್‌ಪ್ರೈಸ್ ಇರಲಿ ಸರ್."

ಲ್ಯಾನ್ಸಿ ಸರ್ ನನ್ನ ಬೆನ್ನು ತಟ್ಟಿದರು. "ಓದಿದವ ಓದಿದವನೇ" ಎಂದರು. ಆ ಮಾತಿಗೆ ನಾನು ಎಷ್ಟು ಉಬ್ಬಿಹೋದೆ ಎಂದರೆ ಆವತ್ತು ಮಧ್ಯಾಹ್ನದ ಊಟ ಬಿಟ್ಟು ಪತ್ರ ಬರೆಯಲು ಕೂತೆ. ಮೂರು ದಿನ ತಿದ್ದಿದೆ. ನಾನು ಬರೆದ ಪತ್ರಗಳಲ್ಲೆಲ್ಲ ಅದೇ ಒಳ್ಳೆಯದು. ಇಂದಿಗೂ ಬಾಯಿಪಾಠ ಬರುತ್ತದೆ. 'ಕೀರ್ತಿಯ ಶಿಖರದಲ್ಲಿರುವಾಗಲೇ, ಕಿರಿಯರಿಗೆ ಹಾದಿ ಬಿಟ್ಟುಕೊಡುವ ಹಿರಿಮೆಯಿಂದ, ಸ್ವ ಇಚ್ಛೆಯಿಂದ ಮೈದಾನಕ್ಕೆ ವಿದಾಯ ಹೇಳುತ್ತಿರುವ...' ಹೀಗೆ ಒಂದೂವರೆ ಪುಟ.

ಫೈನಲ್ ಫೆಬ್ರವರಿಯ ಎರಡನೇ ಶುಕ್ರವಾರ. ಹಿಂದಿನ ದಿನ ಮಳೆ ಬಿದ್ದು ನೆಲ ಗಟ್ಟಿಯಾಗಿತ್ತು. ಆ ಬಯಲಿನಲ್ಲಿ ಮಳೆ ಬಂದ ಮರುದಿನ ಮಾತ್ರ ಧೂಳು ಏಳುವುದಿಲ್ಲ. ಪಕ್ಕದ ತೋಟಗಳ ಕಡೆಯಿಂದ ಹಸಿ ಗೊಬ್ಬರದ ವಾಸನೆ ಬರುತ್ತಿತ್ತು. ಹೆಂಗಸರು, ಮಕ್ಕಳು ಚಾಪೆ ಹಾಸಿಕೊಂಡು, ಫ್ಲಾಸ್ಕು, ಗೋಳಿಬಜೆಯ ಡಬ್ಬ ಹಿಡಿದು ಕೂತಿದ್ದರು.

ಕೊನೆಯ ಓವರಿಗೆ ಹನ್ನೊಂದು ರನ್ ಬೇಕಾಗಿತ್ತು. ಜಗ್ಗಣ್ಣ ಕುಂಟುತ್ತಲೇ ಇದ್ದರು. ನಮ್ಮ ಕ್ಯಾಪ್ಟನ್ ಹಮೀದಾಕ, ಅಂಗಡಿ ಕೌಂಟರಿನಲ್ಲಿ ಮಾರಾಟ ನೋಡಿಕೊಳ್ಳುವ ಬ್ಯಾರಿ ಮನುಷ್ಯ, ಬೌಂಡರಿಯಿಂದ ಕೂಗುತ್ತಿದ್ದರು: "ಜಗ್ಗಣ್ಣಾ, ಓಡ್ಬೇಡಿ! ನಿಂತಲ್ಲೇ ಹೊಡೀರಿ! ಓಡ್ಲಿಕ್ಕೆ ನಿಮ್ಗೆ ವೀಸಾ ಕೊಟ್ಟದ್ದಲ್ಲ!" ಜನ ನಕ್ಕರು, ಜಗ್ಗಣ್ಣನೂ ನಕ್ಕರು. ಎರಡನೇ ಚೆಂಡು ತಗಡಿಗೆ ಬಡಿಯಿತು. ನಾಲ್ಕನೆಯದ್ದೂ ಬಡಿಯಿತು. ಮೊಣಕಾಲೂರಿದವರು ಏಳಲಾಗದೆ ಬ್ಯಾಟು ಊರಿಕೊಂಡು ಅಲ್ಲೇ ಕೂತರು. ಎಲ್ಲರೂ ಒಳಗೆ ನುಗ್ಗಿ ಅವರನ್ನು ಕೂತ ಭಂಗಿಯಲ್ಲೇ ಎತ್ತಿದರು. ಲ್ಯಾನ್ಸಿ ಸರ್ ಮತ್ತೊಮ್ಮೆ ಕುರ್ಚಿ ಹತ್ತಿದ್ದರು.

ಅರ್ಧ ಗಂಟೆ ಬಿಟ್ಟು ವೇದಿಕೆ. ವೇದಿಕೆ ಎಂದರೆ ಟೆಂಟಿನ ನೆರಳಲ್ಲಿ ಎರಡು ಮೇಜು, ಒಂದು ಮೈಕು. ನಾನು ಚೌಕಟ್ಟು ಹಿಡಿದು ನಿಂತಿದ್ದೆ. ಹಮೀದಾಕ ಬಂದು ಕಣ್ಣು ಕಿರಿದು ಮಾಡಿ ಪತ್ರ ಓದಿದರು. ಅವರ ಮುಖ ಬದಲಾಯಿತು.

"ಏ ಬಿ.ಕಾಂ., ಇದೆಂತ? ರಿಟೈರಾ? ಅವ್ರಿಗೆ ಗೊತ್ತುಂಟಾ?"

"ಸರ್‌ಪ್ರೈಸ್."

"ಎಂತ ಸರ್‌ಪ್ರೈಸ್ ಮಾರಾಯ! ಈಗ ಅಷ್ಟೇ ಗೆಲ್ಲಿಸಿ ಕೊಟ್ರಲ್ಲ ಅವ್ರು. ಇವತ್ತು ಬೇಡ. ಶಾಲು ಹಾಕುವ, ಹಣ್ಣು ಕೊಡುವ, ಪತ್ರ ಬಿಡು. ನನಗೆ ಜುಮಾಕ್ಕೆ ಹೋಗ್ಲಿಕ್ಕುಂಟು, ಜಗಳ ಮಾಡ್ಲಿಕ್ಕೆ ಪುರುಸೊತ್ತಿಲ್ಲ. ಬೇಡ ಅಂದ್ರೆ ಬೇಡ."

"ಫ್ರೇಮ್ ಹಾಕಿಸಿ ಆಗಿದೆ ಹಮೀದಾಕ" ಎಂದೆ.

ಹೌದು, ನಾನು ಹೇಳಿದ್ದು ಅದನ್ನೇ. ಇಷ್ಟು ವರ್ಷ ಕಳೆದರೂ ನನ್ನನ್ನು ಚುಚ್ಚುವುದು ಆ ಮಾತು. ಒಬ್ಬ ಮನುಷ್ಯನ ಮುಂದಿನ ವರ್ಷ ಒಂದು ಕಡೆ, ನಾನು ಹಾಕಿಸಿದ ಚೌಕಟ್ಟು ಒಂದು ಕಡೆ. ಅಷ್ಟು ಜನರೆದುರು ಆ ಪತ್ರವನ್ನು ಓದದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಶಾಲು ಹೊದಿಸಿದರು. ಪೇಟ ಇಟ್ಟರು, ಅದು ಅವರ ತಲೆಗೆ ಸ್ವಲ್ಪ ಸಣ್ಣದಾಗಿತ್ತು. ಹಣ್ಣಿನ ಬುಟ್ಟಿ ತೊಡೆಯ ಮೇಲೆ. ಜಗ್ಗಣ್ಣ ಮಕ್ಕಳ ಹಾಗೆ ಖುಷಿಯಲ್ಲಿದ್ದರು, ಗೆದ್ದದ್ದಕ್ಕೆ ಸನ್ಮಾನ ಎಂದು ತಿಳಿದಿದ್ದರು. ನಾನು ಓದಿದೆ. ಧ್ವನಿ ಏರಿಸಿ, ಇಳಿಸಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದೆ. 'ಸ್ವ ಇಚ್ಛೆಯಿಂದ' ಎಂಬಲ್ಲಿ ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಹಾಳೆ ನೋಡಿದೆ. ಏಳನೇ ನಂಬರಿನ ಜರ್ಸಿಯನ್ನು ಗಾಜಿನೊಳಗಿಟ್ಟು ಲ್ಯಾನ್ಸಿ ಸರ್ ಎತ್ತಿ ತೋರಿಸಿದರು. "ಈ ನಂಬರ್ ಇನ್ನು ಯಾರಿಗೂ ಇಲ್ಲ!" ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ವಿಡಿಯೋದಲ್ಲಿ ಇದ್ದ ಹಾಗೆಯೇ.

ನಮ್ಮಲ್ಲಿ ಶಾಲು ಹೊದ್ದು ಕೂತ ಮೇಲೆ ಯಾರೂ ಇಲ್ಲ ಎನ್ನುವುದಿಲ್ಲ. ನಾನು ನೆಚ್ಚಿದ್ದು ಅದನ್ನೇ. ಮೈಕು ಅವರ ಕೈಗೆ ಕೊಟ್ಟರು. ಅವರು ಬುಟ್ಟಿ ಕೆಳಗಿಡಲು ಜಾಗ ಹುಡುಕಿ, ಸಿಗದೆ, ಅದನ್ನು ಹಿಡಿದೇ ಎದ್ದರು.

"ನನಗೆ ಮಾತಾಡ್ಲಿಕ್ಕೆ ಬರುದಿಲ್ಲ. ಸರ್ ಬರೆದದ್ದು ಚೆಂದ ಉಂಟು. ನಾನು ಆಟ ಬಿಟ್ಟಿದ್ದೇನೆ ಅಂತ ನನಗೆ ಗೊತ್ತಾದದ್ದೇ ಈಗ."

ಜನ ಗೊಳ್ಳೆಂದು ನಕ್ಕರು. ಎಷ್ಟು ತಮಾಷೆ ಮಾಡ್ತಾರೆ ನೋಡು ಎಂದರು ಯಾರೋ. ಹಮೀದಾಕ ಒಬ್ಬರೇ ನಗಲಿಲ್ಲ. ನಮಾಜಿಗೆ ಹೊತ್ತಾಯಿತೆಂದು ನನ್ನ ಪಕ್ಕದಿಂದಲೇ ದಾಟಿ ಹೋದರು. ಆ ಮೇಲೆ ಆ ಮನುಷ್ಯ ನನ್ನನ್ನು ಬಿ.ಕಾಂ. ಎಂದು ಛೇಡಿಸುವುದನ್ನು ಬಿಟ್ಟರು. ಸತೀಶರೇ ಎನ್ನತೊಡಗಿದರು.

ಮುಂದಿನ ಶುಕ್ರವಾರ ಜಗ್ಗಣ್ಣ ಎಂದಿನಂತೆ ಆರು ಗಂಟೆಗೆ ಮೈದಾನಕ್ಕೆ ಬಂದಿದ್ದರಂತೆ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಒಂದು ಸಾದಾ ಬನಿಯನ್ ಹಾಕಿಕೊಂಡು. ಜರ್ಸಿ ಆಫೀಸಿನ ಗೋಡೆಯಲ್ಲಿತ್ತಲ್ಲ. ಯಾರೋ ಅಂಪೈರಿಂಗ್ ಮಾಡಿ ಎಂದರಂತೆ. ಎರಡು ಪಂದ್ಯ ನಿಂತು ಮಾಡಿ ಹೋದರಂತೆ. ನಾನು ಆ ದಿನ ಹೋಗಿರಲಿಲ್ಲ.

ಮಾರ್ಚಿನಲ್ಲಿ ಲ್ಯಾನ್ಸಿ ಸರ್ ಕೇಳಿದರು: "ಜಗ್ಗನ ಇಕಾಮಾ ಏಪ್ರಿಲಿಗೆ ಮುಗೀತದೆ. ಅವನು ಇಲ್ಲೇ ನಿಲ್ತೇನೆ ಅಂತಾನೆ, ಸ್ಟೋರ್ ನೋಡಿಕೊಳ್ತೇನೆ ಅಂತಾನೆ. ಚೇಟ ಹೋದ ಮೇಲೆ ಆ ವೀಸಾ ಖಾಲಿ ಉಂಟು, ಇರಿಸಿಕೊಂಡ್ರೆ ಅವನಿಂದ ಆಗ್ತದಾ? ನೀನು ಹೇಳು."

ಇಲ್ಲಿ ಮತ್ತೊಂದು ಅವಕಾಶ ಬಂದಿತ್ತು. ಯಾರೂ ಒತ್ತಾಯ ಮಾಡಿರಲಿಲ್ಲ. ಪತ್ರವೂ ಇಲ್ಲ, ಜನವೂ ಇಲ್ಲ. ಅವರು ಇಲ್ಲಿ ಉಳಿದರೆ ದಿನಾ ಅವರ ಮುಖ ನೋಡಬೇಕಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ಕಂಪ್ಯೂಟರ್ ಬರುದಿಲ್ಲ ಸರ್ ಅವರಿಗೆ" ಎಂದೆ.

"ಖಲಾಸ್" ಎಂದರು ಲ್ಯಾನ್ಸಿ ಸರ್. "ಮತ್ತೆ ಎಂತ ಮಾಡುದು, ಪಾಪ."

ಜಗ್ಗಣ್ಣನ ಟಿಕೆಟು ಏಪ್ರಿಲ್ ಮೂರನೇ ವಾರಕ್ಕೆ. ಚೇಟ ಅವಸರದಲ್ಲಿ ಮೊದಲೇ ಊರಿಗೆ ಹೋಗಿಬಿಟ್ಟರು. ಹೊಸ ಸ್ಟೋರ್‌ಕೀಪರ್ ಇನ್ನೂ ಬಂದಿರಲಿಲ್ಲ. ಹಿಂದಿನ ತಟ್ಟುಗಳಲ್ಲಿರುವ ಹಳೆಯ ಮಾಲು ಪಟ್ಟಿಯಲ್ಲೇ ಇಲ್ಲ, ಅದು ಗೊತ್ತಿರುವುದು ಜಗ್ಗನೊಬ್ಬನಿಗೇ, ಅವನು ಹೋಗುವ ಮೊದಲು ಅವನನ್ನು ಕೂರಿಸಿಕೊಂಡು ಎಲ್ಲ ಏರಿಸಿಬಿಡು ಎಂದರು ಲ್ಯಾನ್ಸಿ ಸರ್. ಹಾಗಾಗಿ ಅವರು ವಿಮಾನ ಹತ್ತುವ ನಾಲ್ಕು ದಿನ ಮುಂಚೆ, ಒಂದು ಮಧ್ಯಾಹ್ನ, ಹೊರಗೆ ಮೊದಲ ಬಿಸಿಗಾಳಿ ಧೂಳೆಬ್ಬಿಸುತ್ತಿದ್ದಾಗ, ಜಗ್ಗಣ್ಣ ಕೊನೆಗೂ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

ಅವರು ಹೇಳುವುದು, ನಾನು ಒತ್ತುವುದು ಎಂದು ಶುರುವಾಯಿತು. ಹತ್ತು ಮಾಲು ಏರಿಸುವಷ್ಟರಲ್ಲಿ ನನಗೆ ಫೋನು ಬಂತು. ಮುಗಿಸಿ ತಿರುಗಿದಾಗ ಅವರು ಪರದೆಯನ್ನೇ ನೋಡುತ್ತಿದ್ದರು.

"ನಾನು ಒಂದು ಒತ್ತಿ ನೋಡ್ಲಾ ಸರ್?"

ಕುರ್ಚಿ ಬಿಟ್ಟುಕೊಟ್ಟೆ. ಎರಡೇ ಬೆರಳು. ಮೊದಲ ಸಾಲು ತಪ್ಪಾಯಿತು. ಅಳಿಸುವುದು ಹೇಗೆಂದು ತೋರಿಸಿದೆ. ಎರಡನೆಯದ್ದು ಸರಿಯಾಯಿತು. ನಂಬರು ಒತ್ತುವುದು, ಎಷ್ಟಿದೆ ಎಂದು ಹಾಕುವುದು, ಯಾವ ತಟ್ಟು ಎಂದು ಹಾಕುವುದು, ಸೇವ್ ಮಾಡುವುದು. ಇಂಗ್ಲಿಷು ಎಂದು ನಾನು ಹೆದರಿಸಿದ್ದೆನಲ್ಲ, ಇದ್ದದ್ದು ಐದಾರು ಪದ. ಅವನ್ನು ಅವರು ಪೆಟ್ಟಿಗೆಗಳ ಮೇಲೆ ವರ್ಷಗಳಿಂದ ಓದುತ್ತಲೇ ಇದ್ದರು. ನಲವತ್ತು ನಿಮಿಷ ಕಳೆದಿರಬೇಕು. ನಾನು ಹೇಳಿಕೊಡುವಂಥದ್ದು ಉಳಿದಿರಲಿಲ್ಲ. ಅವರೇ ಎದ್ದು ಕುಂಟುತ್ತಾ ಹೋಗಿ ಕಪಾಟು ನೋಡಿ ಬಂದು, ಅವರೇ ಒತ್ತುತ್ತಿದ್ದರು. ಚೇಟ ಎರಡು ಕಡೆ ತಪ್ಪು ಹಾಕಿದ್ದನ್ನು ಹಿಡಿದು ತೋರಿಸಿದರು.

ಕೊನೆಯ ಸಾಲು ಏರಿಸಿ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಇನ್ನೂ ಏನಾದರೂ ಬರುತ್ತದೆಯೋ ಎಂಬಂತೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆ ಮೇಲೆ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳುವವರ ಮುಖ ಅದು.

"ಇಷ್ಟೇಯಾ ಸರ್?"

"ಹೌದು ಜಗ್ಗಣ್ಣ" ಎಂದೆ. "ಇಷ್ಟೇ."